ಚನ್ನಪಟ್ಟಣದಲ್ಲಿ ಮಣಿ ಹಾಕಿದ ಭಾನುವಾರ

ಮಾಗಡಿಯಲ್ಲಿ ರಾಮನಗರದ ಬಸ್ಸು ಹತ್ತಿದಾಗ ಬೆಳಿಗ್ಗೆ ಏಳೂವರೆ. ಕಂಡಕ್ಟರು ನನ್ನ ಆಧಾರ್ ಕಾರ್ಡು ನೋಡಿ ಶೂನ್ಯ ದರದ ಟಿಕೆಟ್ಟು ಕೊಟ್ಟರು. ಮಂಜು ಎಷ್ಟಿತ್ತೆಂದರೆ ಸಾವನದುರ್ಗದಂಥ ಸಾವನದುರ್ಗವೇ ಕಾಣಲಿಲ್ಲ. ನನಗೂ ನೋಡುವ ಪುರಸೊತ್ತಿರಲಿಲ್ಲ. ಮಡಿಲಲ್ಲಿ ಭಾಷಣದ ಹಾಳೆಯಿತ್ತು.

ಕಾಲೇಜಿನ ಚರ್ಚಾ ಸ್ಪರ್ಧೆಗಳಲ್ಲಿ ನನ್ನ ಜೊತೆಗಾತಿಯಾಗಿದ್ದ ನಸೀಮಾ ಈಗ ಚನ್ನಪಟ್ಟಣದಲ್ಲಿ ಬೊಂಬೆ ಕಡೆಯುತ್ತಾಳೆ. ಅಲ್ಲಿ ನಲವತ್ತೆರಡು ಕುಶಲಕರ್ಮಿಗಳು ಸೇರಿ ಕಟ್ಟಿಕೊಂಡ ಸಂಘವೊಂದಿದೆ. ಹೋದ ತಿಂಗಳು ವೈರು ಸುಟ್ಟು ಅವರ ಶೆಡ್ಡಿನ ಒಂದು ಮೂಲೆಗೆ ಬೆಂಕಿ ಬಿತ್ತು. ಒಂಬತ್ತು ವರ್ಷದಿಂದ ಅಧ್ಯಕ್ಷರಾಗಿರುವ ಖಾದರ್ ಸಾಬರು ಆ ಬೆಂಕಿಯ ಬೆನ್ನಿಗೇ ಒಂದು ಠರಾವು ತಂದರು: ಒಂದು ವರ್ಷ ಚುನಾವಣೆ ಬೇಡ, ಅಲ್ಲಿಯವರೆಗೆ ಎಲ್ಲ ತೀರ್ಮಾನ ಅಧ್ಯಕ್ಷರದ್ದೇ. ಈ ಸಲ ನಿಲ್ಲಬೇಕೆಂದಿದ್ದ ನಸೀಮಾ ಫೋನಿನಲ್ಲಿ ಕುದಿಯುತ್ತಿದ್ದಳು. "ಭಾನುವಾರ ಸಭೆಲಿ ಕೈ ಎತ್ತಿಸ್ತಾರೆ ಕಣೇ. ಎತ್ತದವರಿಗೆ ಲೇತ್ ಮಷೀನಿನ ಬೆಳಗಿನ ಪಾಳಿ ಹೋಗತ್ತೆ. ಮಧ್ಯಾಹ್ನ ಕರೆಂಟೇ ಇರಲ್ಲ. ನೀನು ಬಂದು ಹತ್ತು ನಿಮಿಷ ಮಾತಾಡು."

ಏನು ಮಾತಾಡಬೇಕೆಂದು ಆಗಲೇ ಗೊತ್ತಾಗಿತ್ತು: ಎರಡು ಮಹಾಯುದ್ಧಗಳ ನಡುವೆ ಸರ್ವಾಧಿಕಾರಿಗಳು ಗದ್ದುಗೆ ಹತ್ತಿದ್ದು ಹೇಗೆ, ಇಳಿಯದೆ ಕೂತದ್ದು ಹೇಗೆ.

ಅಭ್ಯಾಸ ಬಸ್ಸಿನಲ್ಲೇ ಶುರುವಾಯಿತು. ಪಕ್ಕದಲ್ಲಿ ರೇಷ್ಮೆಗೂಡಿನ ಚೀಲ ಕಾಲಿಗೊತ್ತಿಕೊಂಡು ಕೂತಿದ್ದ ರೈತರೊಬ್ಬರು ನನ್ನ ಹಾಳೆಗೆ ಇಣುಕಿ, "ಅಂಥ ಗಟ್ಟಿ ಆಳು ಒಬ್ಬ ಬೇಕು ಕಣವ್ವ. ಹೊಡ್ದು ಕಿತ್ಕೊಂಡು ಆಳೋ ಅಂತೋನು," ಅಂದರು.

ಬಿಡುತ್ತೇನೆಯೇ? "ಯಾರು ಕಿತ್ಕೊಂಡರು ಯಜಮಾನ್ರೇ? ಕೊಟ್ಟರು! ಇಟಲಿಯವನ ಹಿಂಬಾಲಕರು ಮಳೆಯಲ್ಲಿ ರಾಜಧಾನಿಗೆ ನಡೆದರು, ಅವನು ಮಾತ್ರ ರಾಜನ ಕರೆ ಬಂದ ಮೇಲೆ ರೈಲಿನಲ್ಲಿ ಮಲಗಿಕೊಂಡು ಬಂದ. ಜರ್ಮನಿಯವನಿಗೆ ಬಹುಮತವೇ ಇರಲಿಲ್ಲ. ಅಲ್ಲಿನ ದೊಡ್ಡವರು, ಇವನನ್ನು ಜೇಬಲ್ಲಿಟ್ಟುಕೊಳ್ಳಬಹುದು ಅಂದುಕೊಂಡು ಕುರ್ಚಿ ಕೊಟ್ಟರು."

ರಾಮನಗರ ಬರುವಷ್ಟರಲ್ಲಿ ಅವರು ಸುಮ್ಮನಾಗಿದ್ದರು. ಗೆದ್ದೆ ಅಂದುಕೊಂಡೆ. ಚೀಲ ಇಳಿಸಿಕೊಳ್ಳುತ್ತಾ ಅವರು, "ಮಾತಲ್ಲಿ ಗೆದ್ದೆ ಬುಡವ್ವ. ನಾನ್ ಒಪ್ದೆ ಅಂತ ಮಾತ್ರ ತಿಳ್ಕಬ್ಯಾಡ," ಎಂದು ಮಾರುಕಟ್ಟೆ ಕಡೆ ನಡೆದೇಬಿಟ್ಟರು.

ಬಸ್ ನಿಲ್ದಾಣದ ಎದುರು ಎರಡು ಇಡ್ಲಿ, ಒಂದು ಕಾಫಿ. ಚಟ್ನಿ ಖಾರವಾಗಿತ್ತೋ ಆ ಮಾತು ಖಾರವಾಗಿತ್ತೋ, ಎರಡು ಲೋಟ ನೀರು ಕುಡಿದೆ. ಚನ್ನಪಟ್ಟಣ ಅಲ್ಲಿಂದ ಹನ್ನೆರಡೇ ಕಿಲೋಮೀಟರು. ಹತ್ತಕ್ಕೆಲ್ಲ ಶೆಡ್ಡಿನಲ್ಲಿದ್ದೆ. ಒಳಗೆ ಅರಗಿನ ವಾಸನೆ, ಹಾಲೆಮರದ ಬಿಳಿ ಹೊಟ್ಟು, ಕಪ್ಪಗಾದ ಒಂದು ಮೂಲೆ. ಚಾಪೆಗಳ ಮೇಲೆ ನಲವತ್ತೆರಡೂ ಜನ ಕೂತಿದ್ದರು.

ಖಾದರ್ ಸಾಬರು ನಾನಂದುಕೊಂಡಂತೆ ಗುಡುಗುವ ಮನುಷ್ಯನಲ್ಲ. ಎದ್ದು ಬಂದು, "ಬಾ ಬೇಟಿ, ತಿಂಡಿ ಆಯ್ತಾ?" ಅಂದರು. ಇಡೀ ಊರಿನಲ್ಲಿ ಅವರಷ್ಟು ನಯವಾಗಿ ಕಡೆಯುವವರಿಲ್ಲವೆಂದು ನಸೀಮಾಳೇ ಹೇಳಿದ್ದಳು.

ನಾನು ಹತ್ತು ನಿಮಿಷಕ್ಕೆ ಹದಿನೈದು ತೆಗೆದುಕೊಂಡೆ. ಜರ್ಮನಿಯ ಸಂಸತ್ ಭವನಕ್ಕೆ ಬೆಂಕಿ ಬಿದ್ದದ್ದು, ಮರುದಿನವೇ ಜನರ ಹಕ್ಕುಗಳು ಹೋದದ್ದು, ಆಮೇಲೆ ಸಂಸತ್ತೇ ಕಾನೂನು ಮಾಡುವ ಅಧಿಕಾರವನ್ನು "ನಾಲ್ಕೇ ವರ್ಷಕ್ಕೆ" ಎಂದು ಒಪ್ಪಿಸಿದ್ದು, ಒಪ್ಪಿಸುವಾಗ ಸಮವಸ್ತ್ರದವರು ಸಭೆಯೊಳಗೇ ನಿಂತು ಮುಖ ನೋಡುತ್ತಿದ್ದದ್ದು. ಬೆಂಕಿ ಎಂದಾಗ ನಾಲ್ಕೈದು ತಲೆಗಳು ಕಪ್ಪು ಮೂಲೆಯತ್ತ ತಿರುಗಿದವು. "ಇಟಲಿಯಲ್ಲಿ ಮತಕ್ಕೆ ಎರಡು ಚೀಟಿ ಕೊಟ್ಟರು. ಹೌದು ಅನ್ನೋದಕ್ಕೆ ಬಾವುಟದ ಬಣ್ಣ, ಇಲ್ಲ ಅನ್ನೋದು ಬರೀ ಬಿಳಿ. ಯಾರು ಯಾವುದು ಹಾಕಿದರು ಅಂತ ನಿಂತವರಿಗೆ ತಿಳಿಯೋ ಹಾಗೆ! ಕೈ ಎತ್ತೋದೂ ಅದೇ. ಗುಟ್ಟಾಗಿ ಮತ ಹಾಕಿ," ಎಂದು ಮುಗಿಸಿದೆ.

ಖಾದರ್ ಸಾಬರು ಒಂಚೂರೂ ಕದಲಲಿಲ್ಲ. "ಸರಿ ಬೇಟಿ, ಗುಟ್ಟಾಗೇ ಆಗ್ಲಿ. ಚೀಟಿ ಯಾಕೆ, ನಮ್ದು ಕಸುಬಿದೆ. ಎಲ್ರೂ ಅವರವರ ಮೇಜಿಂದ ಒಂದು ಕೆಂಪು ಮಣಿ, ಒಂದು ಹಳದಿ ಮಣಿ ತನ್ನಿ. ಚುನಾವಣೆ ಬೇಕು ಅಂದ್ರೆ ಕೆಂಪು, ಬೇಡ ಅಂದ್ರೆ ಹಳದಿ. ಮಡಕೆ ಒಳಗೆ ಹಾಕಿ."

ಗೆದ್ದೆ! ಚಪ್ಪಾಳೆ ತಟ್ಟಿದ್ದು ನಾನೊಬ್ಬಳೇ. ನಸೀಮಾ ಕಣ್ಣು ಮುಚ್ಚಿಕೊಂಡಿದ್ದಳು. ಹಿಂದಿನ ಸಾಲಿನಿಂದ ಪುಟ್ಟಲಕ್ಷ್ಮಮ್ಮ ಎಂಬ ಹಿರಿಯಾಕೆ ಸೆರಗಿಗೆ ಕೈ ಒರೆಸುತ್ತಾ ಎದ್ದರು. ಅಧ್ಯಕ್ಷರಿಗೆ ಕಾಣದಂತೆ ನಸೀಮಾಳ ಮೇಜಿನಿಂದ ಒಂದು ಮಣಿ ತೆಗೆದು ಅವರ ಅಂಗೈಯಲ್ಲಿಟ್ಟರು.

"ಸಾಬ್ರೇ, ಇದು ಯಾರ್ ಕೈಕೆಲ್ಸ?"

ಅವರು ಮಣಿಯನ್ನು ಹೆಬ್ಬೆರಳಲ್ಲಿ ಒಂದು ಸುತ್ತು ಉರುಳಿಸಿದರಷ್ಟೆ. "ನಸೀಮಾದು. ಕೊನೇಲಿ ಉಳಿ ಎಡಕ್ಕೆ ವಾಲಿಸ್ತಾಳೆ. ಎಷ್ಟು ಸಲ ಹೇಳಿದೀನಿ—"

ಮಾತು ಅಲ್ಲಿಗೇ ನಿಲ್ಲಿಸಿದರು. ಶೆಡ್ಡಿನಲ್ಲಿ ನಗು ಹೊತ್ತಿಕೊಂಡಿತು. ಮೊದಲು ಮುಂದಿನ ಸಾಲಿನವರು, ಕೊನೆಗೆ ತಲೆಯಲ್ಲಾಡಿಸುತ್ತಾ ಖಾದರ್ ಸಾಬರೂ.

"ಕಣ್ ಮುಚ್ಕೊಂಡೂ ಯೋಳ್ಬುಡ್ತೀರ. ಇನ್ನೆಲ್ಲೀ ಗುಟ್ಟು?" ಎಂದ ಪುಟ್ಟಲಕ್ಷ್ಮಮ್ಮ ನನ್ನತ್ತ ತಿರುಗಿ, "ನೀನೂ ಇಲ್ಲಿರಾದ್ನ ಒಸಿ ನೋಡ್ಬಾರ್ದೇನವ್ವ, ಇಟ್ಲಿ ಗಂಟ ಹೋಗ್ಬಂದೆ," ಅಂದರು. ಭಾಷಣದ ಹಾಳೆಯನ್ನು ಮಡಿಸಿ ಚೀಲಕ್ಕೆ ಹಾಕಿದೆ. ಬಸ್ಸಿನ ಆ ರೈತರು ಇದನ್ನು ನೋಡಬೇಕಿತ್ತು.

ಪುಟ್ಟಲಕ್ಷ್ಮಮ್ಮ ಒಂದು ಕುಕ್ಕೆ ಎಳೆದು ತಂದರು. ಸರಗಳ ಆರ್ಡರಿಗೆಂದು ಅವರೊಬ್ಬರೇ ವಾರವಿಡೀ ಕಡೆದಿದ್ದ ಮಣಿಗಳು: ಒಂದೇ ಮಷೀನು, ಒಂದೇ ಕೈ, ಒಂದೇ ಅಳತೆ. ಎಲ್ಲರಿಗೂ ಒಂದು ಕೆಂಪು, ಒಂದು ಹಳದಿ. ಬಾಯಿಗೆ ತೂತಿನ ಬಟ್ಟೆ ಕಟ್ಟಿದ ಎರಡು ಮಡಕೆಗಳು ಮೂಲೆಯಲ್ಲಿ ಕಟ್ಟಿದ ಪರದೆಯ ಹಿಂದೆ ಹೋದವು, ಒಂದು ಮತಕ್ಕೆ, ಇನ್ನೊಂದು ಉಳಿದ ಮಣಿಗೆ. ಬೇಡವೆನ್ನಲು ಅಧ್ಯಕ್ಷರಿಗೆ ಕಾರಣವೇ ಉಳಿಯಲಿಲ್ಲ. ಒಬ್ಬೊಬ್ಬರಾಗಿ ಪರದೆಯ ಹಿಂದೆ ಹೋಗಿ ಮಣಿ ಹಾಕಿ ಬಂದರು.

ಎಣಿಸಿದ ರೀತಿ ನಾನು ಎಲ್ಲೂ ಕಂಡದ್ದಲ್ಲ. ಮತದ ಮಡಕೆಯ ಮಣಿಗಳನ್ನು ಎಲ್ಲರೆದುರು ಎರಡು ದಾರಕ್ಕೆ ಪೋಣಿಸಿದರು. ಹಳದಿ ಹದಿಮೂರಕ್ಕೆ ನಿಂತಿತು. ಕೆಂಪು ನಿಲ್ಲಲೇ ಇಲ್ಲ; ಇಪ್ಪತ್ತು ದಾಟಿದಾಗ ಹೆಂಗಸರು ಒಟ್ಟಿಗೆ ಎಣಿಸತೊಡಗಿದರು, ಇಪ್ಪತ್ತೊಂಬತ್ತಕ್ಕೆ ಶೆಡ್ಡಿನ ತಗಡು ನಡುಗುವಂತೆ ಕೂಗು ಎದ್ದಿತು. ನಸೀಮಾ ನನ್ನ ಬೆನ್ನಿಗೆ ಕೊಟ್ಟ ಗುದ್ದು ಮಾಗಡಿಯವರೆಗೂ ನೋಯುತ್ತಿತ್ತು.

ಖಾದರ್ ಸಾಬರು ತಾವೇ ಎದ್ದು, ಬೆಳಗಿನ ಪಾಳಿಯ ಹೆಸರುಗಳಿದ್ದ ಕಪ್ಪುಹಲಗೆ ಒರೆಸಿ, ಸೀಮೆಸುಣ್ಣದಲ್ಲಿ ಬರೆದರು: ಚುನಾವಣೆ, ಬರುವ ಭಾನುವಾರ. ಕೈ ಕೊಡವಿಕೊಂಡು, "ನಾನೂ ನಿಲ್ತೀನಿ," ಅಂದರು.

"ನಿಲ್ರಿ ಚಾಚಾ," ಅಂದಳು ನಸೀಮಾ. "ನಿಲ್ಲದೇ ಇದ್ರೆ ಸೋಲಿಸೋದು ಯಾರನ್ನ?"

ಮಧ್ಯಾಹ್ನ ರಾಗಿಮುದ್ದೆ, ಹುರುಳಿಕಾಳಿನ ಸಾರು ಉಂಡು ಹೊರಟೆ. ಕರೆಂಟು ಅಷ್ಟರಲ್ಲಿ ಹೋಗಿತ್ತು. ರಸ್ತೆಯ ತಿರುವಿನಲ್ಲಿ ಹಿಂತಿರುಗಿ ನೋಡಿದೆ. ಶೆಡ್ಡಿನ ಬಾಗಿಲ ಮೊಳೆಗೆ ಯಾರೋ ಎರಡೂ ದಾರಗಳನ್ನು ನೇತುಹಾಕಿದ್ದರು. ಯಾವ ಮಣಿ ಯಾರದೆಂದು ಇನ್ನು ಖಾದರ್ ಸಾಬರೂ ಹೇಳಲಾರರು; ಕೆಂಪು ದಾರ ಉದ್ದವೆಂಬುದು ಮಾತ್ರ ಅಷ್ಟು ದೂರಕ್ಕೂ ಕಾಣುತ್ತಿತ್ತು.