ಅತ್ತೆ ಕೌದಿ ಹಾಸುವ ಜಾಗ

ಮಕ್ತಲದ ನಮ್ಮ ಮನೆಯಲ್ಲಿ ಕಲ್ಲಿನ ಮೆಟ್ಟಿಲು ಹತ್ತಿದರೆ ತೇಗದ ಹಲಗೆ ಹಾಸಿದ ಬಯಲು ಮಾಳಿಗೆ ಸಿಗುತ್ತದೆ. ಕೆಳಗೆ ಶಾಬಾದಿ ಕಲ್ಲಿನ ಅಂಗಳ. ಮದುವೆಯಾಗಿ ಬಂದಾಗ ಈ ಮಾಳಿಗೆ ನನಗೆ ಬಹಳ ಹಿಡಿಸಿತ್ತು. ಈಗ ಚಳಿ ಬಂತೆಂದರೆ ಅದರ ಕಡೆ ನೋಡಲೂ ಹೆದರಿಕೆ.

ದೀಪಾವಳಿ ಮುಗಿದ ಮೇಲೆ ಹಲಗೆಗಳನ್ನು ತಿಕ್ಕಿ ತೊಳೆದು, ಒಣಗಿಸಿ, ಕೋಸಗಿಯಿಂದ ತರಿಸಿದ ಅಗಸೆ ಎಣ್ಣೆಯನ್ನು ಬೆಚ್ಚಗೆ ಮಾಡಿ ಹಚ್ಚಬೇಕು. ಆಮೇಲೆ ದಿನಾ ಬೆಳಿಗ್ಗೆ ಇಬ್ಬನಿ ಒರೆಸಬೇಕು. ಬಿಟ್ಟರೆ ನೀರು ಸಂದಿಗೆ ಇಳಿಯುತ್ತದೆ, ಅದರ ಹಿಂದೆಯೇ ಗೆದ್ದಲು. ಎಲ್ಲ ಮಾಡುವವಳು ನಾನೇ. "ಹಳೇ ಕಟ್ಟಿಗಿ, ಕಲ್ಲಿದ್ದಂಗ ಐತಿ" ಎನ್ನುವುದಷ್ಟೇ ನನ್ನ ಗಂಡನ ಸೇವೆ. ಫೋನಿಗೆ ಸಿಗ್ನಲ್ ಸಿಗುವುದು ಅಲ್ಲಿ ಮಾತ್ರವಾದ್ದರಿಂದ ದಿನವಿಡೀ ಆ ಹಲಗೆಗಳ ಮೇಲೆ ಧಡಧಡ ಓಡಾಡುವವರೂ ಅವರೇ.

ಹೋದ ವರ್ಷ ಧನುರ್ಮಾಸ ಆಗತಾನೇ ಶುರುವಾಗಿತ್ತು. ಇಬ್ಬನಿ ಒರೆಸುತ್ತಾ ಕಂಬದ ಪಕ್ಕದ ಹಲಗೆಗೆ ಮೊಣಕಾಲು ಊರಿದೆ. ಅದು ಮೆತ್ತಗೆ ಒಳಕ್ಕೆ ಕುಗ್ಗಿತು. ಒನಕೆಯಿಂದ ಕುಟ್ಟಿದರೆ ಟೊಳ್ಳು ಸದ್ದು. ಮೇಲೆ ಥಳಕು, ಒಳಗೆ ಹುಳುಕು. ನಾನು ಹಚ್ಚಿದ ಎಣ್ಣೆಯೇ ಹೊಳೆಯುತ್ತಿತ್ತು.

ಕೆಳಗಿಳಿದು ಅತ್ತೆಗೆ ಹೇಳಿದೆ, ಬಡಗಿಯನ್ನು ಕರೆಸೋಣವೆಂದು.

"ಧನುರ್ಮಾಸದಾಗ ಮನಿಗೆ ಉಳಿ ಹಚ್ಚಾಕ ಬರೂದಿಲ್ಲ. ಸಂಕ್ರಾಂತಿ ಆಗ್ಲಿ."

"ಅಲ್ಲೀತನಕ ಯಾರರ ಬಿದ್ರ ಏನ್ ಮಾಡ್ತೀರಿ?"

"ಬಿಡ್ತು ಅನ್ನು! ಅಂಥಾ ಮಾತಿಗೆ ದೇವ್ರು ತಥಾಸ್ತು ಅಂದಾನು."

ಮರುದಿನ ಬೆಳಿಗ್ಗೆ ನೋಡುತ್ತೇನೆ, ಅತ್ತೆ ಅದೇ ಹಲಗೆಯ ಮೇಲೆ ಹಳೇ ಸೀರೆಗಳ ಕೌದಿ ಹಾಸಿ, ತೊಗರಿಕಾಯಿ ಸುಲಿಯುತ್ತಾ ಕೂತಿದ್ದಾರೆ.

"ಅತ್ತಿ, ಏಳ್ರೀ! ಅದೇ ಹಲಗಿ!"

"ನನಗ ಬಿಸಿಲು ಇಲ್ಲೇ ಬೀಳ್ತೈತಿ, ನೀ ಹೋಗು."

ತಿಂಗಳಿಡೀ ಅಲ್ಲೇ ಕೂತರು. ಎದ್ದು ಹೋದಾಗಲೂ ಕೌದಿ ತೆಗೆಯಲಿಲ್ಲ. ಬಿಸಿಲೇರಿದಂತೆ ಕಟ್ಟಿಗೆ ಚಟ್ ಎನ್ನುತ್ತದೆ. ಒಂದೊಂದು ಸದ್ದಿಗೂ ರೊಟ್ಟಿಯನ್ನು ಹಂಚಿನ ಮೇಲೇ ಬಿಟ್ಟು ಓಡುತ್ತಿದ್ದೆ. ಎಷ್ಟು ರೊಟ್ಟಿ ಸುಟ್ಟವೋ! ಮೊಂಡುತನಕ್ಕೂ ಒಂದು ಮಿತಿ ಬೇಡವೇ ಎಂದು ಒಳಗೊಳಗೇ ಕುದಿಯುತ್ತಿದ್ದೆ.

ಸಂಕ್ರಾಂತಿ ಕಳೆದು ಬಡಗಿ ಬಂದ. ಕೌದಿ ಸರಿಸಿ ಉಳಿ ಇಟ್ಟರೆ, ಪೆಟ್ಟು ಹಾಕುವ ಮೊದಲೇ ಅದು ಹಿಡಿಯವರೆಗೂ ಇಳಿಯಿತು. ಒಳಗೆ ಬರೀ ಹಿಟ್ಟು.

"ಅಕ್ಕಾರ, ಇದರ ಮ್ಯಾಲೆ ಯಾರೂ ಅಡ್ಡಾಡಿಲ್ಲೇನ್ರಿ?"

ಅತ್ತೆಯೇ ಉತ್ತರ ಕೊಟ್ಟರು. "ಹಾಸಿದ ಕೌದಿ ನಮ್ಮನ್ಯಾಗ ಯಾರೂ ತುಳ್ಯಾಂಗಿಲ್ಲ. ಅದಕ್ಕ ಹಾಸಿದ್ದೆ. ನಂದೇನು, ಹಗುರ ಜೀವ."

ನನಗೆ ಅಳುವೂ ಬಂತು, ಸಿಟ್ಟೂ ಬಂತು. ಎರಡನ್ನೂ ಅವರ ಮುಂದೆಯೇ ತೀರಿಸಿಕೊಂಡೆ.

ಈ ಸಲ ಹೊಸ ಹಲಗೆ ಗಟ್ಟಿಯಾಗಿದೆ. ಎಣ್ಣೆ ಹಚ್ಚಿದ ಮೇಲೆ ಎಲ್ಲ ಹಲಗೆಗಳನ್ನೂ ಒನಕೆಯಿಂದ ಕುಟ್ಟಿ ನೋಡಿದ್ದೆ, ಆಗ ಎಲ್ಲೂ ಟೊಳ್ಳು ಸದ್ದು ಬರಲಿಲ್ಲ. ಮೊನ್ನೆ ಧನುರ್ಮಾಸ ಶುರುವಾಯಿತು. ಇವತ್ತು ಬೆಳಿಗ್ಗೆ ಇಬ್ಬನಿ ಒರೆಸಲು ಬಟ್ಟೆ ಹಿಡಿದು ಹತ್ತಿದರೆ, ಅತ್ತೆ ಆಗಲೇ ಮೇಲಿದ್ದರು. ಕೌದಿ ಕಂಬದ ಹತ್ತಿರ ಇರಲಿಲ್ಲ. ಮೆಟ್ಟಿಲ ತುದಿಯಲ್ಲೇ, ಎಲ್ಲರೂ ಮೊದಲ ಹೆಜ್ಜೆ ಇಡುವ ಕಡೆ ಹಾಸಿತ್ತು. ಅದರ ಮೇಲೆ ಅವರು ಕೂತಿದ್ದರು.

"ಅತ್ತಿ, ಈ ಕಡಿ ಬರ್ರಿ. ನಿಮ್ಮ ಕಾಲಿಗೆ ಬೀಳ್ತೀನಿ."

"ಈ ಹಲಗಿ ಕುಗ್ಗಾಕ ಹತ್ತೈತಿ. ನಾ ಎದ್ರ ನಿನ್ನ ಗಂಡ ಫೋನಿನ್ಯಾಗ ಮಾತಾಡ್ಕೋಂತ ಇಲ್ಲೇ ಕಾಲಿಡ್ತಾನ. ನೀ ಮ್ಯಾಲೆ ಬರಬ್ಯಾಡ. ರೊಟ್ಟಿ ಅಲ್ಲಿಂದನ ಕೊಡು."

ಮೇಲಿದ್ದ ಅತ್ತೆಯ ಕೈಗೇ ಫೋನ್ ಕೊಟ್ಟು ಬಡಗಿಗೆ ಮಾಡಿಸಿದೆ. "ಧನುರ್ಮಾಸ ಅಲ್ರೀ ಅಕ್ಕಾರ, ನಾನೂ ಉಳಿ ಮುಟ್ಟಾಂಗಿಲ್ಲ" ಎಂದ.

ರೊಟ್ಟಿ ತಂದು ಕೊಟ್ಟ ಕೈಯನ್ನು ನಾನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಕಲ್ಲಿನ ಮೆಟ್ಟಿಲ ಮೇಲೆ ಗಟ್ಟಿಯಾಗಿ ಕೂತು ಅತ್ತೆಯ ಮಣಿಕಟ್ಟು ಹಿಡಿದುಕೊಂಡೆ. ಬಿಸಿಲು ಇನ್ನೂ ಏರಬೇಕಿತ್ತು.