ಇಪ್ಪತ್ತೆರಡನೇ ತಾರೀಖಿನ ಸಂಜೆ

ಚಿಕ್ಕಬೈರಪ್ಪನಿಗೆ ಯಾರ ಮೇಲೂ ನಂಬಿಕೆ ಇರಲಿಲ್ಲ. ಸೌದೆ ಡಿಪೋದವನ ತಕ್ಕಡಿಯ ಮೇಲೆ ಅನುಮಾನ, ಹಾಲಿನವಳ ಚೊಂಬಿನ ಮೇಲೆ ಅನುಮಾನ. ಅಂಚೆಯವನು ಕಾಗದ ಕೊಟ್ಟರೆ, ಒಡೆದು ಓದಿರಬಹುದೇ ಎಂದು ಅಂಟನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದ. ಒಳಗಿದ್ದದ್ದನ್ನು ಓದಲು ಮಾತ್ರ ಅವನಿಗೇ ಬರುತ್ತಿರಲಿಲ್ಲ.

ಹುಟ್ಟಾ ಹೀಗಿದ್ದನೆಂದಲ್ಲ. ಬಾವಿಗೆ ಪಂಪು ಹಾಕಿಸೋಣ, ಇಲ್ಲೊಂದು ಹೆಬ್ಬೆಟ್ಟು ಒತ್ತಣ್ಣ ಎಂದು ತಮ್ಮ ಬೈರಣ್ಣ ಕಾಗದ ಚಾಚಿದ್ದ. ಒಡಹುಟ್ಟಿದವನಲ್ಲವೇ ಎಂದು ಒತ್ತಿದ. ಹೊಲ ತಮ್ಮನ ಹೆಸರಿಗೆ ಹೋಯಿತು, ಆಮೇಲೆ ಅದರ ಮೇಲೆ ಜಯನಗರ ಎದ್ದಿತು. ತ್ಯಾಗರಾಜನಗರದಾಚೆ ಒಂದು ಹೆಂಚಿನ ಮನೆ, ಅದಕ್ಕಂಟಿದ ಬಾಡಿಗೆ ಕೋಣೆ, ಕೋರ್ಟಿನಲ್ಲೊಂದು ಕೇಸು, ಇಷ್ಟೇ ಅವನ ಪಾಲಿಗೆ ಉಳಿದದ್ದು. ತಮ್ಮನ ಜತೆ ಮಾತು ಬಿಟ್ಟು ಎಂಟು ವರ್ಷವಾಗಿತ್ತು. ಮಕ್ಕಳಿಲ್ಲದ ಅವನ ಹೆಗಲ ಮೇಲೆ ಬೆಳೆದ ತಮ್ಮನ ಚಿಕ್ಕ ಮಗಳು ಮಾತ್ರ ದಾರಿಯಲ್ಲಿ ಕಂಡರೆ ಇವತ್ತಿಗೂ "ದೊಡ್ಡಪ್ಪಾ" ಎಂದು ಕೂಗುತ್ತಿದ್ದಳು. ಅವನು ಕೇಳಿಸದವನಂತೆ ಮನೆಗೆ ಬಂದು ಆ ಹೊತ್ತಿನ ಊಟ ಬಿಡುತ್ತಿದ್ದ.

ಅರವತ್ತೊಂದರ ಏಪ್ರಿಲ್ ಕೊನೆಯಲ್ಲಿ ಕೋಣೆಗೆ ಜಯಶೀಲಾ ಟೀಚರು ಬಾಡಿಗೆಗೆ ಬಂದರು. ಮಿಷನ್ ಶಾಲೆಯಿಂದ ನಿವೃತ್ತರಾದ ಒಂಟಿ ಹೆಂಗಸು, ಇಂಗ್ಲಿಷರ ಕಾಲದ ಹಳೆಯ ಚರ್ಚಿನ ಶಿಸ್ತಿನಲ್ಲಿ ಬೆಳೆದವರು. ದೀಪ ಹಚ್ಚುವ ಹೊತ್ತಿಗೆ ಬಾಗಿಲು ಹಾಕಿಕೊಂಡು ಒಂದು ಹಾಡು ಹೇಳಿ, ಪುಸ್ತಕ ಹಿಡಿದು ಗಟ್ಟಿಯಾಗಿ ಓದುತ್ತಿದ್ದರು. ಮಾತೆಲ್ಲ ಕನ್ನಡವೇ, ರಾಗ ಮಾತ್ರ ಯಾವ ಭಜನೆಯಲ್ಲೂ ಕೇಳದ್ದು. ಕಿಟಕಿಯ ಬಳಿಯ ಮೇಜಿನ ಮೇಲೊಂದು ಶಿಲುಬೆ, ಅದರಡಿ ಬಿಳಿ ಬಟ್ಟೆ. ಮೇ ತಿಂಗಳ ಒಂದು ಭಾನುವಾರ ಆ ಬಟ್ಟೆ ಇದ್ದಕ್ಕಿದ್ದಂತೆ ಕೆಂಪಾಯಿತು. ಚಿಕ್ಕಬೈರಪ್ಪ ಅದನ್ನು ಕಿಟಕಿಯಲ್ಲಿ ನೋಡಿ ಮನಸ್ಸಿನಲ್ಲಿಟ್ಟುಕೊಂಡ.

ಮಾರನೆಯ ದಿನ ಇಪ್ಪತ್ತೆರಡನೇ ತಾರೀಖು. ಸಂಜೆ ಜಗಲಿಯ ಮೇಲೆ ಕೂತಿದ್ದವನ ಕಿವಿ ನೆಟ್ಟಗಾಯಿತು. ಗೋಡೆಯಾಚೆ ಟೀಚರು ಯಾರಿಗೋ ಶಾಪ ಹಾಕುತ್ತಿದ್ದರು. ಅವನ ಆಯಸ್ಸು ಮೊಟಕಾಗಲಂತೆ, ಹೆಂಡತಿ ವಿಧವೆಯಾಗಲಂತೆ, ಮಕ್ಕಳು ಬೀದಿಪಾಲಾಗಿ ತಿರಿದು ತಿನ್ನಲಂತೆ. ಅದೂ ತಣ್ಣಗೆ, ಪಾಠ ಓದುವ ದನಿಯಲ್ಲಿ.

ಚಿಕ್ಕಬೈರಪ್ಪನಿಗೆ ಮೂರು ದಿನ ಜ್ವರ ಬಂತು.

"ಮಳೇಲಿ ನೆಂದ್ರೆ ಜ್ವರ ಬರ್ದೆ ಇನ್ನೇನ್ ಬರುತ್ತೆ?" ಎಂದಳು ಹೆಂಡತಿ ಅಂಜನಮ್ಮ. "ಮಕ್ಳು ತಿರ್ಕೊಂಡ್ ತಿನ್ಲಿ ಅಂತ ನಮಗ್ಯಾಕಂತಾರೆ? ನಮಗೆ ಮಕ್ಳೆಲ್ಲಿದಾರೆ?"

"ನಿಂಗೇನ್ ಗೊತ್ತು? ಆವಮ್ಮನ್ನ ಕಳ್ಸಿರೋನೇ ಬೈರಣ್ಣ."

ಅಂದಿನಿಂದ ಪ್ರತಿ ಸಂಜೆ ಗೋಡೆಗೆ ಕಿವಿ. ಒಂದು ದಿನ ಹೊಗಳಿಕೆ, ಒಂದು ದಿನ ಗೋಳು, ಆ ಶಾಪದ ಸುಳಿವೇ ಇಲ್ಲ. ಕೋರ್ಟಿನ ವಾಯಿದೆಗೆ ಅಲೆದಲೆದು ಇಂಗ್ಲಿಷ್ ತಾರೀಖು ಅವನಿಗೆ ಬಾಯಿಪಾಠವಾಗಿತ್ತು. ಜೂನ್ ಇಪ್ಪತ್ತೆರಡು ಬಂತು, ಅದೇ ಶಾಪ ಅಕ್ಷರ ತಪ್ಪದೆ ಬಂತು. ಚಿಕ್ಕಬೈರಪ್ಪ ಹೋಗಿ ಬಾಗಿಲು ಬಡಿದ.

"ನಾಳೆ ಬೆಳಿಗ್ಗೆ ಕೋಣೆ ಖಾಲಿ ಮಾಡಿ ಟೀಚರಮ್ಮ. ತಿಂಗಳಿಗೊಂದ್ ಸಲ ನನ್ನ ಸಾಯ್ಸು ಅಂತ ಬೈರಣ್ಣ ಹೇಳ್ಕೊಟ್ಟನಾ?"

"ಯಾವ ಬೈರಣ್ಣ?" ಎಂದರು ಟೀಚರು. ಚರ್ಚಿನವರು ಎಂದ ಕೂಡಲೇ ಮೂರು ಮನೆಯವರು ಆಗಲೇ ಬಾಗಿಲು ಹಾಕಿದ್ದರು. ಈ ಕೋಣೆಯೂ ಹೋದರೆ ಬೇರೆ ಗತಿಯಿರಲಿಲ್ಲ. ಪುಸ್ತಕವನ್ನು ದೀಪದ ಹತ್ತಿರ ತಂದರು. "ನೋಡಿ, ಇವು ಬೈಬಲ್ಲಿನ ನೂರೈವತ್ತು ಕೀರ್ತನೆ. ಬೆಳಿಗ್ಗೆ ಇಷ್ಟು, ಸಂಜೆ ಇಷ್ಟು ಅಂತ ತಿಂಗಳಿಗೆಲ್ಲ ಹಂಚಿದ್ದಾರೆ. ನಾನು ಆರಿಸ್ಕೊಳ್ಳೋ ಹಾಗಿಲ್ಲ. ಇಪ್ಪತ್ತೆರಡರ ಸಂಜೆಗೆ ಇದೇ ಬರುತ್ತೆ. ನಲವತ್ತು ವರ್ಷದಿಂದ ನಾನು ಒಂದು ಸಾಲೂ ಬಿಟ್ಟಿಲ್ಲ."

"ಮತ್ತೆ ಕೆಂಪು ಬಟ್ಟೆ?"

"ಅದು ಹಬ್ಬದ್ದು. ಪವಿತ್ರಾತ್ಮ ಇಳಿದು ಬಂದ ದಿನಕ್ಕೆ ಕೆಂಪು. ಈಗ ಹಸಿರಿನ ಕಾಲ. ಕ್ರಿಸ್ಮಸ್ ಹತ್ರ ಬಂದಾಗ ನೇರಳೆ ಹಾಕ್ತೀನಿ."

"ಹಂಗಾದ್ರೆ ಈ ಶಾಪ ಯಾರಿಗೆ?"

"ಯಾರಿಗೋ ಗೊತ್ತಿಲ್ಲ. ಇದನ್ನ ಹೇಳಿದವನು ಯಾವ ಕಾಲದವನೋ. ಅವನು ಪ್ರೀತಿಸಿದವರೇ ಅವನಿಗೆ ಮೋಸ ಮಾಡಿದ್ರು. ಅವನು ಕೈ ಎತ್ತಲಿಲ್ಲ, ದೇವರ ಮುಂದೆ ಹೊಟ್ಟೆಯುರಿ ಹೇಳ್ಕೊಂಡ."

ಚಿಕ್ಕಬೈರಪ್ಪ ಅರ್ಧವನ್ನೂ ನಂಬಲಿಲ್ಲ. "ಮುಂದಿನ ಇಪ್ಪತ್ತೆರಡಕ್ಕೆ ನಾನೇ ಬಂದು ಕೂತ್ಕೊಂಡ್ ಕೇಳ್ತೀನಿ. ಒಂದಕ್ಷರ ಆಚೀಚೆ ಆದ್ರೂ ನೀವು ಹೊರಡ್ಬೇಕು."

ಹೇಳಿದ ಹಾಗೇ ಜುಲೈನಲ್ಲಿ ಬಂದು ಹೊಸ್ತಿಲ ಬಳಿ ಕೂತ. ಟೀಚರು ಓದಲು ಶುರು ಮಾಡಿದರು. ಒಳ್ಳೆಯದು ಮಾಡಿದ್ದಕ್ಕೆ ಕೆಟ್ಟದ್ದು ಸಿಕ್ಕಿತು ಎಂಬ ಮಾತು ಬಂದಾಗ ಅವನು ತಲೆಯೆತ್ತಿದ. ಎಂಟು ವರ್ಷ ತನ್ನ ಗಂಟಲಲ್ಲಿ ಸಿಕ್ಕಿಕೊಂಡಿದ್ದದ್ದನ್ನು ಯಾರೋ ಎಂದೋ ಬಾಯಿಬಿಟ್ಟು ಹೇಳಿದ್ದರು. ಅವನಿಗೆ ಸುಖವೆನಿಸಿತು. ಒಂದೊಂದು ಸಾಲಿಗೂ ಬೈರಣ್ಣನ ಹೆಸರು ಸೇರಿಸುತ್ತ ಹೋದ. ಆಯಸ್ಸು ಮೊಟಕಾಗಲಿ. ಆಗಲಿ, ಅಂದುಕೊಂಡ. ಟೀಚರು ಮಕ್ಕಳ ಸಾಲಿಗೆ ಬಂದರು.

"ನಿಲ್ಸಿ," ಎಂದ ಚಿಕ್ಕಬೈರಪ್ಪ.

ಟೀಚರು ಹೆದರಿ ನೋಡಿದರು. ಅಕ್ಷರವೇನೂ ಆಚೀಚೆ ಆಗಿರಲಿಲ್ಲ.

"ಮಕ್ಳದ್ದು ಬಿಟ್ಬಿಡಿ ಟೀಚರಮ್ಮ. ಆ ಮಗೂನ ನಾನು ಹೊತ್ತು ಬೆಳ್ಸಿದೀನಿ."

ಟೀಚರು ನಲವತ್ತು ವರ್ಷದಲ್ಲಿ ಮೊದಲ ಸಲ ಆ ಸಾಲುಗಳ ಮೇಲೆ ಬೆರಳಿಟ್ಟು ಮುಚ್ಚಿಕೊಂಡರು.

"ಆ ಮಗುವಿನ ಅಪ್ಪನ ಸಾಲು?" ಎಂದು ಕೇಳಿದರು.

ಚಿಕ್ಕಬೈರಪ್ಪ ಹೊಸ್ತಿಲ ಬಳಿಯಿಂದ ಎದ್ದು ಪಂಚೆ ಕೊಡವಿಕೊಂಡ.

"ಅವಂದು ಇರ್ಲಿ," ಎಂದ. "ಮುಂದಿನ ತಿಂಗ್ಳು ನೋಡಾಣ."