ಅವ್ವನ ಸೆರಗಿನ ಗಂಟು

ಇಂದು ನರೇಗಲ್ಲಿನ ತವರುಮನೆಯಲ್ಲಿ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯ ವಾಸನೆ ಏಳುತ್ತಿದ್ದಂತೆ ನನ್ನ ಕಣ್ಣು ಪಡಸಾಲೆಯ ಕಿಟಕಿಗೆ ಹೋಯಿತು.

ಚಿಕ್ಕವಳಿದ್ದಾಗ ಎಳ್ಳಮವಾಸ್ಯೆಗೆ ಎಲ್ಲರೂ ಭೂತಾಯಿಗೆ ಎಡೆಯಾಗಿ ಚರಗ ಚೆಲ್ಲಲು ಹೊಲಕ್ಕೆ ಹೊರಟರೆ, ಧೂಳಿಗೆ ಉಬ್ಬಸ ಬರುತ್ತದೆಂದು ನನ್ನೊಬ್ಬಳನ್ನೇ ಬಿಟ್ಟು ಹೋಗುತ್ತಿದ್ದರು. ಉಬ್ಬಸಕ್ಕೆಂದು ಡಾಕ್ಟರು ಕೊಟ್ಟ, ಬಾಯಿಗಿಟ್ಟು ಎಳೆಯುವ ಪಂಪು ಟ್ರಂಕಿನೊಳಗೆ, ಟ್ರಂಕಿನ ಕೀಲಿಕೈ ಅವ್ವನ ಸೆರಗಿನ ಗಂಟಿನಲ್ಲಿ.

"ದಿನಾ ಜಗ್ಗಿದ್ರ ಚಟ ಹತ್ತತೈತವ್ವಾ," ಅನ್ನುತ್ತಿದ್ದಳು.

ಒಮ್ಮೆ ಬಂಡಿ ಹೋದ ಮೇಲೆ ಉಬ್ಬಸ ಎದ್ದಿತು. ಅವರು ಮರಳುವವರೆಗೂ ಕಿಟಕಿಯ ಸರಳು ಹಿಡಿದು, ಒಂದೊಂದೇ ಉಸಿರು ಎಳೆಯುತ್ತ ನಿಂತಿದ್ದೆ.

ಈಗ ನನ್ನ ಮಗಳು ದಿನಾ ಮುಂಜಾನೆ ಪಂಪು ಎಳೆದು ಬಾಯಿ ಮುಕ್ಕಳಿಸುತ್ತಾಳೆ. ಇಂದು ಅವಳೂ ಚರಗಕ್ಕೆ ಹೊರಟಳು. ಅವ್ವ ಅವಳ ಪಂಪನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡು ಬಂಡಿ ಹತ್ತಿದಳು.

"ನೀನೂ ಬಾರವ್ವಾ," ಎಂದಳು ನನಗೆ.

ನನಗೇಕೋ ಆ ಕಿಟಕಿ ಬಿಟ್ಟು ಕದಲಲಾಗಲಿಲ್ಲ.